ಕೋಡಿಗೆ ಕಟ್ಟಿದ ಜಾಲರಿ

ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ಟಿವಿಯವರು ಹೇಳಿದರೆ ನಮ್ಮ ಮದ್ದೂರಿನ ಕಡೆ ಆಗುವ ಗಡಿಬಿಡಿ ಅಷ್ಟಕ್ಕಷ್ಟೆ. ಅಂಗಳದಲ್ಲಿ ಹರಡಿದ ರಾಗಿಯನ್ನು ಒಳಗೆ ಎಳೆದುಕೊಳ್ಳುತ್ತೇವೆ. ಕೊಯ್ಲಿಗೆ ಬಂದ ಗದ್ದೆಯಿದ್ದವರು ಆಳುಗಳಿಗೆ ಫೋನು ಮಾಡಿ ಎರಡು ದಿನ ತಡೀರಪ್ಪಾ ಅನ್ನುತ್ತಾರೆ. ಉಳಿದವರು ಬೋಂಡ ಕರಿಯುತ್ತಾರೆ. ಅದೇ ಮಾತು ಕಿವಿಗೆ ಬಿದ್ದೊಡನೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಎದ್ದು ನಿಲ್ಲುವ ಮನುಷ್ಯನನ್ನು ನಾನು ಮೊದಲು ನೋಡಿದ್ದು ನಮ್ಮ ಸಂಘದ ಕೆರೆಯ ಏರಿಯ ಮೇಲೆ.

ನಾನು ಮದ್ದೂರು ತಾಲ್ಲೂಕಿನ ಒಂದು ಮೀನುಗಾರರ ಸಹಕಾರ ಸಂಘದ ಕಾರ್ಯದರ್ಶಿ. ಹೆಸರಿಗೆ ಮೀನುಗಾರರ ಸಂಘ. ಸದಸ್ಯರಲ್ಲಿ ಒಬ್ಬರು ಆಟೊ ಓಡಿಸುತ್ತಾರೆ, ಒಬ್ಬರು ಟೈಲರ್, ಹೆಚ್ಚಿನವರು ಕಬ್ಬು ಭತ್ತ ನೋಡಿಕೊಂಡಿದ್ದಾರೆ. ನಾನಂತೂ ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿದರೆ ಹೆಂಡತಿಯನ್ನು ಕೂಗುವ ಆಸಾಮಿ. ಅಪ್ಪಂದಿರ ಕಾಲದ ಬಲೆಗಳು ಅಟ್ಟ ಸೇರಿ ಇಲಿಯ ಪಾಲಾಗಿವೆ. ಹಾಗಾಗಿ ಕೆರೆಗೆ ಮರಿ ಬಿಡುವುದು ನಾವು, ಸಾಕಿ ಹಿಡಿಯಲು ಹೊರಗಿನಿಂದ ಕರೆಸಿದವರು. ಹಾಗೆ ಪೂರ್ವ ಕರಾವಳಿಯಿಂದ ಹೆಂಡತಿ, ಮಗಳನ್ನು ಕಟ್ಟಿಕೊಂಡು ನಾಲ್ಕು ವರ್ಷದ ಹಿಂದೆ ಬಂದವನು ಇವನು. ಊರಿನವರು ಅವನ ಹೆಸರನ್ನು ಕೇಳಲೂ ಹೋಗದೆ ‘ಸಮುದ್ರದೋನು’ ಎಂದು ಕರೆದರು. ಕೊನೆಗೆ ಅದೇ ನಿಂತಿತು.

ಕೆರೆ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಏರಿಯ ತುದಿಯಲ್ಲಿ ಸಂಘದವರು ತಗಡಿನ ಶೆಡ್ಡು ಹಾಕಿಸಿಕೊಟ್ಟಿದ್ದೆವು. ಬಂದ ಮೊದಲ ವಾರವೇ ಅವನು ಹಳೆಯ ಬಲೆಯನ್ನು ತಗಡಿನ ಮೇಲೆ ಹೊದಿಸಿ, ನಾಲ್ಕು ಮೂಲೆಗೂ ಕಲ್ಲು ನೇತುಹಾಕಿದ. ಊರಿನವರಿಗೆ ಒಳ್ಳೆಯ ತಮಾಷೆಯಾಯಿತು. ಎಲೆ ಅಲ್ಲಾಡದ ಊರಿನಲ್ಲಿ ಮನೆಗೇ ಬಲೆ ಹಾಕಿ ಹಿಡಿದವ್ನಲ್ಲಾ ಎಂದು ನಕ್ಕರು. ಅವನೂ ನಕ್ಕ, ಬಲೆ ಮಾತ್ರ ತೆಗೆಯಲಿಲ್ಲ.

ಗಂಡಹೆಂಡಿರಿಗೆ ಒಂದೇ ಜಗಳ. ನಾನು ಮೀನಿನ ತೂಕ ನೋಡಲು ಹೋದಾಗಲೆಲ್ಲ ಆ ಜಗಳಕ್ಕೆ ನನ್ನನ್ನು ಪಂಚಾಯ್ತಿಗೆ ಕೂರಿಸುತ್ತಿದ್ದರು. ಅವಳಿಗೆ ಕಡಲ ತೀರಕ್ಕೆ ವಾಪಸು ಹೋಗಬೇಕು, ಅವನಿಗೆ ಇಲ್ಲೇ ಇರಬೇಕು.

“ಅಲ್ಲಿ ಸಂಜೆ ಆದ್ರೆ ಗಾಳಿ ಬತ್ತದೆ ಅಣ್ಣ,” ಎನ್ನುತ್ತಿದ್ದಳು ಅವಳು, ಟೀ ಲೋಟ ನನ್ನ ಮುಂದಿಟ್ಟು. “ಇಲ್ಲಿ ಬೇಸಿಗೇಲಿ ತಗಡು ಸುಡ್ತದೆ, ನಾವು ಒಳಗೆ ಬೇಯ್ತೀವಿ. ಅಲ್ಲಿ ಬಾಗಿಲಿಗೆ ಸಿಗಡಿ ಬತ್ತದೆ. ಕೆರೆ ಮೀನು ತಿಂದ್ರೆ ಬಾಯೆಲ್ಲ ಮಣ್ಣು. ನಮ್ಮಕ್ಕ ಪಕ್ಕದ ಮನೇಲೇ ಇದ್ಲು.”

“ಮನೇನೇ ಇಲ್ಲ, ಪಕ್ಕದ ಮನೆ ಎಲ್ಲಿಂದ ಬಂತು?” ಎನ್ನುತ್ತಿದ್ದ ಅವನು. “ಮೂರು ಸಲ ಕಟ್ದೆ ಸಾರ್. ಮೂರು ಸಲಾನೂ ಗಾಳಿ ತಕ್ಕೊಂಡು ಓಯ್ತು. ಬಾವಿ ನೀರು ಉಪ್ಪು. ತೆಂಗಿನ ಮರಕ್ಕೆ ತಲೆ ಇಲ್ಲ. ದೋಣಿ ಒಂದ್ಕಡೆ, ಎಂಜಿನ್ ಇನ್ನೊಂದ್ಕಡೆ. ಇವಳಿಗೆ ಸಿಗಡಿ ಮಾತ್ರ ನೆನಪದೆ.”

“ನಿಂಗೆ ಗಾಳಿ ಮಾತ್ರ ನೆನಪದೆ,” ಎಂದು ಅವಳು.

ಅವಳ ಮಾತಿನಲ್ಲೂ ಸುಳ್ಳಿರಲಿಲ್ಲ, ಅವನ ಮಾತಿನಲ್ಲೂ ಇರಲಿಲ್ಲ. ಮಗಳ ವಿಷಯ ಬಂದಾಗ ಮಾತ್ರ ಅವಳು ತಗ್ಗುತ್ತಿದ್ದಳು. ಆ ಹುಡುಗಿ ಬಂದ ಹೊಸದರಲ್ಲಿ ಗುಡುಗಿದರೆ ಸ್ಕೂಲ್ ಬ್ಯಾಗನ್ನು ಅವುಚಿಕೊಂಡು ಮಂಚದ ಕೆಳಗೆ ನುಗ್ಗುತ್ತಿದ್ದಳಂತೆ. ಎರಡು ಮಳೆಗಾಲ ಕಳೆದ ಮೇಲೆ ಅದು ನಿಂತಿತು. ಗುಡುಗಿದರೂ ಕೂತು ಮಗ್ಗಿ ಬರೆಯುತ್ತಾಳೆ ಸಾರ್ ಎಂದು ಅವನು ನನಗೆ ಹತ್ತು ಸಲವಾದರೂ ಹೇಳಿರಬೇಕು.

ತೀರ್ಪು ಕೊಡುವಾಗ ನಾನು ಯಾವಾಗಲೂ ಅವನ ಕಡೆ. “ಇಲ್ಲೇ ಇರ್ರಮ್ಮ. ಸೆಕೆ, ಸೊಳ್ಳೆ ಅಂತೀಯ, ನಿಜ. ಜೀವಕ್ಕೇನೂ ಭಯ ಇಲ್ವಲ್ಲ” ಎನ್ನುತ್ತಿದ್ದೆ. ಅವನ ಮೇಲಿನ ಪ್ರೀತಿ ಒಂದು ಕಡೆಗಿರಲಿ, ಅಂಥ ಕೆಲಸಗಾರ ಮತ್ತೆ ಸಿಗುವುದಿಲ್ಲ ಎನ್ನುವ ಸ್ವಾರ್ಥವೂ ಅದರಲ್ಲಿತ್ತು. ಅವನು ಬಂದ ನಾಲ್ಕನೆಯ ವರ್ಷ ಸಂಘದ ಸಭೆಯಲ್ಲಿ ನಾನೇ ಓಡಾಡಿ ಒಂದು ಮಾತಿಗೆ ಎಲ್ಲರನ್ನೂ ಒಪ್ಪಿಸಿದ್ದೆ. ಈ ಸಲದ ಮೀನು ಚೆನ್ನಾಗಿ ಬಂದರೆ ಅವನನ್ನು ಸಂಘದ ಸದಸ್ಯನನ್ನಾಗಿ ಮಾಡುವುದು. ಸದಸ್ಯನಾದರೆ ಕೆರೆಯಲ್ಲಿ ಅವನಿಗೆ ಹಕ್ಕು ಬರುತ್ತದೆ, ಊರಿನ ಪಕ್ಕ ಸಂಘಕ್ಕಿರುವ ಜಾಗದಲ್ಲಿ ಮನೆ ಕಟ್ಟಿಕೊಳ್ಳಬಹುದು, ಬೇಡ ಎಂದು ಯಾರೂ ಎಬ್ಬಿಸುವಂತಿಲ್ಲ. ಅದನ್ನು ಹೇಳಿದ ದಿನ ಅವನು ಹೋಗಿ ಹರಿಗೋಲಿಗೆ ಸುಮ್ಮಸುಮ್ಮನೆ ಇನ್ನೊಂದು ಕೋಟು ಟಾರು ಬಳಿದ.

ಮರಿಗಳು ಚೆನ್ನಾಗಿ ಬೆಳೆದವು. ಕಾಟ್ಲಾ ಒಂದೊಂದೂ ಮೊಳಕೈ ಉದ್ದ. ಮಳೆಯೂ ಬಂತು, ಮೇಲಿನ ಕೆರೆಗಳು ತುಂಬಿ ಹರಿದು ಬಹಳ ವರ್ಷಗಳ ನಂತರ ನಮ್ಮ ಕೆರೆ ಅಂಚಿಗೆ ಬಂತು. ಕೆರೆ ತುಂಬಿದರೆ ಹೆಚ್ಚಾದ ನೀರು ಹರಿದುಹೋಗುವ ಕಲ್ಲಿನ ಕಟ್ಟೆಗೆ ಕೋಡಿ ಅನ್ನುತ್ತೇವೆ. ಕೋಡಿ ಬಿದ್ದರೆ ಊರಿಗೆಲ್ಲ ಸಂಭ್ರಮ, ಮೀನಿನವರಿಗೆ ಮಾತ್ರ ಎದೆ ಡವಡವ, ಏಕೆಂದರೆ ನೀರಿನ ಜೊತೆ ಮೀನೂ ಹೋಗುತ್ತದೆ. ಅದಕ್ಕಾಗಿ ಕೋಡಿಗೆ ಅಡ್ಡಲಾಗಿ ಜಾಲರಿ ಕಟ್ಟುತ್ತೇವೆ.

ಈ ಸಲ ಜಾಲರಿ ಕಟ್ಟಿದ್ದೂ ಅವನೇ. ಕೋಡಿ ಕಲ್ಲಿನ ಗೂಡುಗಳಲ್ಲಿ ಕಬ್ಬಿಣದ ಪೈಪು ನೆಟ್ಟು, ಅವುಗಳ ನಡುವೆ ಹದಿನಾಲ್ಕು ಚೌಕಟ್ಟು ನಿಲ್ಲಿಸಿ, ಒಂದೊಂದು ಚೌಕಟ್ಟಿಗೂ ತಂತಿ ಜಾಲರಿ ಬಿಗಿದ. ಬುಡಕ್ಕೆ ತಂತಿಯಿಂದ ಭದ್ರವಾಗಿ ಕಟ್ಟಿದವನು ಮೇಲಿನ ಎರಡು ಕಟ್ಟಿಗೆ ಮಾತ್ರ ನೈಲಾನ್ ಹಗ್ಗ ಬಳಸಿದ. ಅದಕ್ಕೂ ತಂತಿಯನ್ನೇ ಸುತ್ತಬಾರದೇನಯ್ಯ ಎಂದು ನಾನು ಗದರಿದ್ದೆ. “ಬೇಕಾದಾಗ ಕುಡುಗೋಲಿಗೆ ಸಿಗ್ಬೇಕು ಸಾರ್. ಮೇಲಿನ ಹಗ್ಗ ಕಡಿದ್ರೆ ಚೌಕಟ್ಟು ಮುಂದಕ್ಕೆ ಮಲಗ್ತದೆ, ಕಸ ಎಲ್ಲ ಜಾರಿ ಓಯ್ತದೆ” ಎಂದ. ದಿನಾ ಬೆಳಿಗ್ಗೆ ಹರಿಗೋಲಿನಲ್ಲಿ ಹೋಗಿ ದೋಟಿಯಿಂದ ಜಾಲರಿಗೆ ಅಂಟಿದ ಅಂತರಗಂಗೆ, ಕಬ್ಬಿನ ಸೋಗೆ, ಪ್ಲಾಸ್ಟಿಕ್ಕನ್ನೆಲ್ಲ ಎಳೆದು ದಡಕ್ಕೆ ಹಾಕುತ್ತಿದ್ದ.

ಅಷ್ಟರಲ್ಲಿ ಅಚ್ಚುಕಟ್ಟಿನ ರೈತರು ಬಂದು ಕೋಡಿಯ ಮೇಲೆ ಎರಡು ಸಾಲು ಮರಳಿನ ಚೀಲ ಜೋಡಿಸಿದರು. ಒಂದಡಿ ನೀರು ಹೆಚ್ಚು ನಿಂತರೆ ಬೇಸಿಗೆ ಭತ್ತಕ್ಕಾಗುತ್ತದೆ ಎಂಬ ಲೆಕ್ಕ. ಊರಿನ ಮುಖಂಡರು ಸೇರಿ ಭಾನುವಾರ ಹನ್ನೊಂದಕ್ಕೆ ಬಾಗಿನ ಬಿಡುವುದೆಂದು ತೀರ್ಮಾನಿಸಿದರು. ಬಾಗಿನ ಬಿಡಲು ತಾಲ್ಲೂಕಿನ ದೊಡ್ಡ ಮನುಷ್ಯರೊಬ್ಬರು ಬರುವುದು, ಕೋಡಿಯ ಕೆಳಗಿನ ಬಯಲಿನಲ್ಲಿ ಶಾಮಿಯಾನ, ಊಟ. ನಾನೂ ಕುಣಿದಾಡಿಕೊಂಡು ಬಾಳೆಕಂಬ ತರಲು ಹೇಳಿದೆ.

ಗುರುವಾರ ಜಡಿ ಹಿಡಿಯಿತು. ಶುಕ್ರವಾರ ಟಿವಿಯಲ್ಲಿ ಆ ಮಾತು ಬಂತು. ಸಮುದ್ರದವನು ಫೋನು ಮಾಡಿ, “ಇದು ಸಣ್ಣದಲ್ಲ ಸಾರ್. ನಮ್ಮ ಕಡೆ ದಡ ಮುಟ್ಟೋದು ನಾಳೆ. ನಿಮ್ ಕಡೆ ನೀರು ಬರೋದು ನಾಡಿದ್ದು” ಎಂದ. ಎಲ್ಲಿಯ ಕಡಲು, ಎಲ್ಲಿಯ ಮದ್ದೂರು ಎಂದುಕೊಂಡೆ.

ಶನಿವಾರ ಸಂಜೆ ಮತ್ತೆ ಫೋನು ಮಾಡಿದ. “ಬೇಗ ಬನ್ನಿ ಸಾರ್.” ಮೊಪೆಡ್ಡಿನಲ್ಲಿ ನೆನೆಯುತ್ತ ಹೋದೆ. ಅವನು ನನ್ನನ್ನು ಏರಿಯ ಕೆಳಮಗ್ಗುಲಿಗೆ, ತೂಬಿನ ಪಕ್ಕಕ್ಕೆ ಕರೆದೊಯ್ದ. ಲಂಟಾನದ ಬುಡದಲ್ಲಿ ಹೆಬ್ಬೆರಳು ಗಾತ್ರದ ನೀರು ಬುಗ್ಗೆಯಂತೆ ಏಳುತ್ತಿತ್ತು. ನಮ್ಮ ನೀರುಗಂಟಿ, ಅಂದರೆ ತೂಬು ಎತ್ತಿ ಇಳಿಸಿ ಗದ್ದೆಗೆ ನೀರು ಬಿಡುವ ವಯಸ್ಸಾದವರು, ಹಿಂದಿನ ದಿನ ಅದನ್ನು ನೋಡಿ ಹೋಗಿದ್ದರಂತೆ. “ಈ ಏರಿ ನಮ್ಮ ತಾತನ ಕಾಲ್ದಿಂದ್ಲೂ ಇಂಗೇ ಜಿನುಗ್ತದೆ ಕಣ್ಲಾ, ಬುಡು” ಅಂದಿದ್ದರಂತೆ.

“ನಿನ್ನೆ ತಿಳಿ ಇತ್ತು ಸಾರ್,” ಎಂದ ಸಮುದ್ರದವನು. “ತಿಳಿ ನೀರಾದ್ರೆ ನಾನೂ ಸುಮ್ನಿರ್ತಿದ್ದೆ. ಈಗ ನೋಡಿ.”

ನಾನು ಬಗ್ಗಿ ಬೊಗಸೆಯಲ್ಲಿ ಹಿಡಿದೆ. ಬೊಗಸೆಯ ತಳದಲ್ಲಿ ಕೆಮ್ಮಣ್ಣು ನಿಂತಿತು. ತಿಳಿನೀರು ಜಿನುಗಿದರೆ ಕೆರೆ ಬೆವರುತ್ತಿದೆ ಎಂದಷ್ಟೇ ಅರ್ಥ. ಕೆಸರು ಬಂದರೆ ಒಳಗಿನಿಂದ ಏರಿಯ ಮಣ್ಣು ಕರಗಿ ಬರುತ್ತಿದೆ, ಗೂಡು ಬೀಳುತ್ತಿದೆ ಎಂದು. ಮೀನು ಹಿಡಿಯಲು ಬಾರದಿದ್ದರೂ ಅಷ್ಟು ನನಗೆ ಗೊತ್ತು, ಅಪ್ಪ ಹೇಳಿಕೊಟ್ಟಿದ್ದರು. ಬೆಳಕು ಮಸುಕಾಗಿತ್ತು, ಆದರೆ ಬೊಗಸೆಯಲ್ಲಿದ್ದುದು ಕಾಣದಷ್ಟೇನೂ ಕತ್ತಲಾಗಿರಲಿಲ್ಲ.

“ಕೋಡಿ ಬಿಡ್ಬೇಕು ಸಾರ್. ಚೀಲ ತೆಗೀಬೇಕು, ಜಾಲರಿ ಮಲಗಿಸ್ಬೇಕು. ಎರಡಡಿ ನೀರು ಇಳಿದ್ರೆ ಇದು ತಾನೇ ನಿಲ್ತದೆ.”

“ಮೀನು?”

“ಓಯ್ತದೆ.”

ಅದನ್ನು ಅವನು ಒಣದನಿಯಲ್ಲಿ ಹೇಳಿದ. ಮೀನು ಹೋದರೆ ತನ್ನ ಮನೆ ಹೋಯಿತು ಎಂದು ನನಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು. ಏರಿಯ ಕೆಳಗೆ ಗದ್ದೆ ಬಯಲು, ಅದರಾಚೆ ಊರಿನ ಕೆಳಗಿನ ಬೀದಿ. ಅಲ್ಲಿ ಒಲೆ ಹೊತ್ತಿಸಿದ ಹೊಗೆ ಮಳೆಯಲ್ಲಿ ಮೇಲೇಳಲಾರದೆ ಹಂಚಿನ ಮೇಲೆಯೇ ಕೂತಿತ್ತು.

ನಾನು ನೀರಾವರಿ ಇಂಜಿನಿಯರಿಗೆ ಫೋನು ಮಾಡಬೇಕಿತ್ತು. ನಂಬರು ನನ್ನ ಹತ್ತಿರ ಇತ್ತು. ಮಾಡಿದ್ದು ಸಂಘದ ಅಧ್ಯಕ್ಷರಿಗೆ.

“ಏರಿ ಸ್ವಲ್ಪ ಜಿನುಗ್ತಾ ಇದೆ, ಜಾಲರಿ ತೆಗೆಸೋಣ್ವಾ?” ಎಂದೆ.

“ಜಿನುಗ್ದೆ ಇನ್ನೇನು ಮಾಡ್ತದೆ, ಕೆರೆ ತುಂಬ್ಯದೆ,” ಎಂದರು ಅವರು. “ನಾಳೆ ಬಾಗಿನ ಆಗೋಗ್ಲಿ. ದೊಡ್ಡೋರು ಬಂದು ನಿಂತಾಗ ಮೀನೆಲ್ಲ ಕೊಚ್ಕೊಂಡು ಓಯ್ತಿದ್ರೆ ನಗ್ತಾರೆ ಕಣಯ್ಯ. ಮಧ್ಯಾಹ್ನ ಊಟ ಆದ್ಮೇಲೆ ಏನ್ ಬೇಕಾದ್ರೂ ತಗೀರಿ.”

ಕೆಸರು ಎನ್ನುವ ಮಾತನ್ನು ನಾನು ಹೇಳಲಿಲ್ಲ. ಯಾಕೆ ಎಂದು ಈಗ ಕೇಳಿಕೊಂಡರೆ ಸರಿಯಾದ ಉತ್ತರ ಸಿಗುವುದಿಲ್ಲ. ಅಧ್ಯಕ್ಷರು ಖುಷಿಯಲ್ಲಿದ್ದರು, ಬಾಳೆಕಂಬ ಬಂದಿತ್ತು, ಶಾಮಿಯಾನದವನು ಗೂಟ ಹೊಡೆಯುತ್ತಿದ್ದ. ನಾನೊಬ್ಬ ಅಪಶಕುನ ನುಡಿಯುವುದು ಬೇಡ ಅನಿಸಿತೇನೋ. ಸಮುದ್ರದವನ ಕಡೆ ತಿರುಗಿ, “ಬಾಗಿನ ಆಗೋವರೆಗೆ ತಡಿ. ಅಷ್ಟರಲ್ಲಿ ಏನೂ ಆಗಲ್ಲ” ಎಂದೆ.

ಅವನು ವಾದಿಸಲಿಲ್ಲ. ಅಲ್ಲೇ ಲಂಟಾನದ ಕೊಂಬೆಗಳನ್ನು ಸವರಿ, ಬುಗ್ಗೆಯ ಸುತ್ತ ಮರಳಿನ ಚೀಲಗಳ ಒಂದು ಬಳೆ ಕಟ್ಟತೊಡಗಿದ. ಹೊರಗೆ ನೀರು ನಿಂತರೆ ಒಳಗಿನ ರಭಸ ಸ್ವಲ್ಪ ತಗ್ಗುತ್ತದೆ ಎಂದ. ಟಾರ್ಚು ಹಿಡಿದು ಪಕ್ಕದಲ್ಲಿ ಅವನ ಹೆಂಡತಿ ನಿಂತಿದ್ದಳು. ನಾನು ಮನೆಗೆ ಬಂದೆ.

ಬೆಳಿಗ್ಗೆ ಎಂಟಕ್ಕೆ ಹೋದಾಗ ಕೆರೆಯ ಬಣ್ಣವೇ ಬೇರೆಯಾಗಿತ್ತು. ಮೇಲಿನ ಕೆರೆಗಳ ನೀರೆಲ್ಲ ಬಂದಿತ್ತು. ಏರಿಯ ತಗ್ಗಾದ ಜಾಗದಲ್ಲಿ ನೀರಿಗೂ ನೆತ್ತಿಗೂ ನಡುವೆ ಎರಡು ಗೇಣು. ಜಾಲರಿಗೆ ಅಂತರಗಂಗೆ ಚಾಪೆ ಹೊದಿಸಿದಂತೆ ಮೆತ್ತಿಕೊಂಡು, ಕೋಡಿಯಲ್ಲಿ ಹರಿಯುತ್ತಿದ್ದುದು ಚೂರೇಚೂರು ನೀರು. ಅವನು ಬೆಳಗಾಗುವ ಮೊದಲಿನಿಂದ ದೋಟಿ ಹಿಡಿದು ಎಳೆದೂ ಎಳೆದೂ ಅಂಗೈ ಕಿತ್ತುಕೊಂಡಿದ್ದ. ಒಂದು ಕಡೆ ತೆಗೆದರೆ ಇನ್ನೊಂದು ಕಡೆ ಬಂದು ಕೂರುತ್ತಿತ್ತು. ತೂಬಿನ ಪಕ್ಕದ ಚೀಲದ ಬಳೆ ಕೆಸರಿನಲ್ಲಿ ಮುಳುಗಿಹೋಗಿತ್ತು.

ಕೋಡಿಯ ಕೆಳಗಿನ ಬಯಲಿನಲ್ಲಿ ಶಾಮಿಯಾನ, ಸಾಲಾಗಿ ಕುರ್ಚಿ, ಮೊರಗಳಲ್ಲಿ ಬಳೆ, ಬಿಚ್ಚೋಲೆ, ಕುಪ್ಪಸದ ಬಟ್ಟೆ ಜೋಡಿಸುತ್ತಿದ್ದ ಹೆಂಗಸರು. ಅಡುಗೆಯವರು ದೊಡ್ಡ ಪಾತ್ರೆಯಲ್ಲಿ ಕೇಸರಿಬಾತು ಗೋಟಾಯಿಸುತ್ತಿದ್ದರು.

“ಕಡೀಲಾ ಸಾರ್?” ಎಂದು ಅವನು ಕೇಳಿದ.

ನಾನು ಅಧ್ಯಕ್ಷರಿಗೆ ಫೋನು ಮಾಡಿದೆ. ಅವರು ದೊಡ್ಡವರನ್ನು ಕರೆತರಲು ಮಂಡ್ಯದ ಕಡೆ ಹೋಗಿದ್ದರು, ಎತ್ತಲಿಲ್ಲ. ಮತ್ತೆ ಮಾಡಿದೆ. ಅವನು ಕಾಯುತ್ತಿದ್ದ. ಮಳೆ ಅವನ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಹೂಂ ಎನ್ನಲಿಲ್ಲ ನಾನು, ಉಹುಂ ಎಂದೂ ಅನ್ನಲಿಲ್ಲ.

“ನೀವು ಬಯಲಲ್ಲಿರೋರನ್ನ ಎಬ್ಸಿ ಸಾರ್. ಅಷ್ಟು ಮಾಡಿ ಸಾಕು,” ಎಂದು ಅವನು ಹರಿಗೋಲಿನ ಕಡೆ ನಡೆದ.

ಬಯಲಿಗೆ ಇಳಿದು ಓಡಿದೆ. ಏರಿಗೆ ಅಪಾಯ ಎಂದು ಹೇಳಿದ್ದರೆ ಸಾಕಿತ್ತು. ನಾನು ಹೇಳಿದ್ದು ಬೇರೆ. “ದೊಡ್ಡೋರು ಬರೋದು ಮೇಲಿನ ದಾರೀಲಿ, ಜಾಗ ಬದಲಾಗ್ಯದೆ, ಎಲ್ಲ ದಿಣ್ಣೆ ಮೇಲಿನ ಅರಳೀಕಟ್ಟೆ ಹತ್ರ ನಡೀರಿ, ಬೇಗ!” ಎಂದು ಕೂಗಾಡಿದೆ. ಬೈದುಕೊಳ್ಳುತ್ತ ಹೆಂಗಸರು ಮೊರ ಎತ್ತಿಕೊಂಡರು. ಅಡುಗೆಯವರು ಪಾತ್ರೆಯ ಕಿವಿಗೆ ಕೋಲು ಕೊಟ್ಟು ಹೊತ್ತರು. ಹೀಗೆ ಸುಳ್ಳು ಹೇಳಿ ಜನರನ್ನು ಎಬ್ಬಿಸಿದ ನನಗೆ ಏನೂ ಗೊತ್ತಿರಲಿಲ್ಲ ಎಂದು ಇವತ್ತು ಯಾರಾದರೂ ಅಂದರೆ ನಾನೇ ನಂಬುವುದಿಲ್ಲ.

ಅವನು ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿಯನ್ನು ದಡದ ಹೊಂಗೆ ಮರಕ್ಕೆ ಕಟ್ಟಿ, ಕುಡುಗೋಲು ಹಿಡಿದು ಹರಿಗೋಲಿನಲ್ಲಿ ಹೊರಟ. ಹಗ್ಗವನ್ನು ಬಿಡುತ್ತ ಹೆಂಡತಿ ದಡದಲ್ಲಿ ನಿಂತಳು. ಏರಿಯಿಂದ ದೂರದ, ಬಂಡೆಯಿರುವ ಮಗ್ಗುಲಿಗೆ ಹೋಗಿ ಮೊದಲ ಚೌಕಟ್ಟಿನ ಹಗ್ಗ ಕಡಿದ. ಅದು ಒಂದು ಕ್ಷಣ ಯೋಚಿಸಿದಂತೆ ನಿಂತು, ಆಮೇಲೆ ಮುಂದಕ್ಕೆ ಮಲಗಿತು. ಅಂತರಗಂಗೆಯ ಚಾಪೆ ಹರಿದು ಜಾರಿತು. ಎರಡನೆಯದು. ಮೂರನೆಯದಕ್ಕೆ ಮರಳಿನ ಚೀಲಗಳು ತಾವಾಗಿಯೇ ಉರುಳಿ, ನೀರು ಸದ್ದು ಮಾಡಿಕೊಂಡು ನುಗ್ಗಿತು. ಹರಿಗೋಲು ಬುಗುರಿಯಂತೆ ತಿರುಗಿತು. ಅವಳು ಹಗ್ಗವನ್ನು ಮರಕ್ಕೆ ಎರಡು ಸುತ್ತು ಸುತ್ತಿ ಜೋತುಬಿದ್ದಳು. ಬಯಲಿನಿಂದ ಮೇಲೆ ಬಂದಿದ್ದ ನಾನೂ ಓಡಿಹೋಗಿ ಹಿಡಿದೆ. ಅವನು ಎದ್ದು, ನಾಲ್ಕನೆಯ ಚೌಕಟ್ಟಿಗೆ ಕೈಚಾಚಿ, ಹೀಗೆ ಒಂಬತ್ತನ್ನು ಮಲಗಿಸಿದ.

ಆಮೇಲೆ ಮೀನು ಹೊರಟವು. ಮೊದಲು ಒಂದೊಂದಾಗಿ, ಆಮೇಲೆ ರಾಶಿರಾಶಿಯಾಗಿ. ಬೆಳ್ಳಗೆ ಹೊರಳುತ್ತ, ಕೋಡಿಯ ಕಲ್ಲಿಗೆ ಬಡಿಯುತ್ತ, ಶಾಮಿಯಾನದ ಕುರ್ಚಿಗಳ ನಡುವೆ ಈಜುತ್ತ ಹೋದವು. ಶಾಮಿಯಾನ ಮಗುಚಿತು. ಊರು ಅರಳೀಕಟ್ಟೆಯಿಂದ ಇಳಿದು ಓಡಿ ಬಂತು. ಸೀರೆ, ಸೊಳ್ಳೆಪರದೆ, ಬುಟ್ಟಿ, ಕೊನೆಗೆ ಬಾಗಿನದ ಮೊರಗಳಲ್ಲೂ ಕೇಕೆ ಹಾಕಿಕೊಂಡು ಮೀನು ಹಿಡಿದರು. ದಡದಲ್ಲಿ ಸಮುದ್ರದವನು ಹಗ್ಗ ಬಿಚ್ಚಿಕೊಳ್ಳದೆ ಕೂತು ಅದನ್ನೆಲ್ಲ ನೋಡುತ್ತಿದ್ದ. ಅಳುತ್ತಿದ್ದನೋ ಮಳೆಯೋ ನಾನು ಹತ್ತಿರ ಹೋಗಿ ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನೀರು ಎರಡಡಿ ಇಳಿಯಿತು. ತೂಬಿನ ಬುಗ್ಗೆ ನಿಂತಿತು. ಸಂಜೆಗೆ ಅಲ್ಲಿ ಕೆಸರು ಬಿಟ್ಟರೆ ನೋಡಲು ಏನೂ ಇರಲಿಲ್ಲ, ಅದರ ಮೇಲೆ ದನಗಳೂ ಓಡಾಡಿದ್ದವು. ದೊಡ್ಡವರು ರಸ್ತೆಯಲ್ಲೇ ವಿಷಯ ಕೇಳಿ ವಾಪಸು ಹೋದರು. ಕೆಳಗಿನ ಬೀದಿಯ ಮನೆಮನೆಯಲ್ಲೂ ಅವತ್ತು ಮೀನು ಸಾರು. ಯಾರೋ ಹೆಂಗಸು ನನ್ನ ಮೊಪೆಡ್ಡಿಗೂ ಒಂದು ಕಾಟ್ಲಾ ಸಿಕ್ಕಿಸಿದಳು. ಬೇಡ ಅನ್ನಲಿಲ್ಲ, ಮನೆಗೆ ತಂದೆ, ಹೆಂಡತಿ ಮಾಡಿದಳು, ಉಂಡೆ.

ಬುಧವಾರ ಸಂಘದ ಕಚೇರಿಯಲ್ಲಿ ಸಭೆ. ಎಲ್ಲರ ಮುಖವೂ ಗಂಟು. ಏರಿ ಒಡೆದಿದ್ದರೆ ಅವನನ್ನು ಹೊಗಳುತ್ತಿದ್ದರೇನೋ. ಒಡೆಯಲಿಲ್ಲವಾದ್ದರಿಂದ ಅದು ಒಡೆಯುತ್ತಿತ್ತು ಎಂದು ನಂಬುವವರು ಯಾರೂ ಇರಲಿಲ್ಲ.

“ಇವ್ನು ಸಮುದ್ರ ನೋಡಿ ಎದರ್ಕೊಂಡು ಬಂದೋನು. ಕೆರೆ ನೋಡಿದ್ರೂ ಎದರ್ಕತಾನೆ,” ಎಂದರು ಒಬ್ಬರು.

“ಯಾರನ್ನ ಕೇಳಿ ಕಡ್ದೆಲಾ?” ಎಂದರು ಅಧ್ಯಕ್ಷರು.

ಅವನು ಬಾಗಿಲ ಪಕ್ಕ ನಿಂತಿದ್ದ. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದ. “ಕೆಸರು ನೀರು ಬತ್ತಿತ್ತು ಸಾರ್. ಕಾರ್ಯದರ್ಶಿ ಸಾರ್ ಕೈಲಿ ಹಿಡ್ದು ನೋಡವ್ರೆ.”

ಎಲ್ಲರೂ ನನ್ನ ಕಡೆ ತಿರುಗಿದರು.

“ಔದೇನಯ್ಯ ಸೆಕ್ರೆಟ್ರಿ? ಕೆಸರು ಬತ್ತಿತ್ತಾ? ನಂಗೆ ಜಿನುಗು ಅಂದೆಯಲ್ಲ?”

ಒಂದು ಹೌದು ಸಾಕಿತ್ತು. ಆ ಹೌದಿನ ಹಿಂದೆಯೇ ಬರುವ ಪ್ರಶ್ನೆಗಳು ನನಗೆ ಕಾಣುತ್ತಿದ್ದವು. ಶನಿವಾರವೇ ಕಂಡಿದ್ದರೆ ಇಂಜಿನಿಯರಿಗೆ ಯಾಕೆ ಹೇಳಲಿಲ್ಲ, ಊರನ್ನು ಯಾಕೆ ಎಬ್ಬಿಸಲಿಲ್ಲ, ಬಾಗಿನ ಆಗಲಿ ಎಂದು ಯಾಕೆ ಕಾಯಿಸಿದೆ.

“ಕತ್ತಲಾಗಿತ್ತು,” ಎಂದೆ. “ನೀರು ಬರ್ತಿತ್ತು. ಕೆಸರೋ ತಿಳಿಯೋ ಸರಿಯಾಗಿ ಕಾಣಲಿಲ್ಲ.”

ಅವನು ನನ್ನನ್ನು ನೋಡಿದ. ಸಿಟ್ಟು ಬರಲಿ ಎಂದು ನಾನು ಕಾದೆ, ಬರಲಿಲ್ಲ. ತಲೆ ತಗ್ಗಿಸಿ ಬಟ್ಟೆ ಸುತ್ತಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡ. ಅನುಮತಿ ಇಲ್ಲದೆ ಜಾಲರಿ ಕಡಿದ ಕಾರಣ ಅವನನ್ನು ಕೆಲಸದಿಂದ ಬಿಡಿಸುವುದು, ಸದಸ್ಯತ್ವದ ಮಾತನ್ನು ಕೈಬಿಡುವುದು ಎಂದು ತೀರ್ಮಾನವಾಯಿತು. ನಡಾವಳಿ ಪುಸ್ತಕದಲ್ಲಿ ಅದನ್ನು ಬರೆದ ಅಕ್ಷರ ನನ್ನದೇ. ನಾಚಿಕೆಯಾಗುತ್ತದೆ. ಈ ಕೆಲಸಕ್ಕೆ ಬಂದು ಇಷ್ಟು ವರ್ಷಗಳಲ್ಲಿ ನಾನು ಬರೆದ ಯಾವ ಸಾಲಿಗೂ ಇಷ್ಟು ನಾಚಿಕೆಪಟ್ಟಿಲ್ಲ.

ಹೊರಡುವ ದಿನ ಅವನು ನನಗೆ ಹರಿಗೋಲು ಒಪ್ಪಿಸಿದ. ಯಾವ ಮಗ್ಗುಲಲ್ಲಿ ತೇಪೆ ಹಾಕಿದ್ದೇನೆ, ಯಾವ ಬಲೆಯ ಕಣ್ಣು ಹರಿದಿದೆ, ಎಲ್ಲವನ್ನೂ ತೋರಿಸಿದ. ಮಗಳ ಟಿಸಿಗೆ ನಾನು ಶಾಲೆಗೆ ಹೋಗಿ ಬಂದೆ. ಹೆಡ್‌ಮಾಸ್ಟರು, ಜಾಣೆ ಕಣ್ರೀ, ಯಾಕೆ ಬಿಡಿಸ್ತಾ ಇದ್ದೀರಿ ಎಂದರು. ಟಿಸಿ ಮಡಚಿ ಜೇಬಿಗಿಟ್ಟುಕೊಂಡು ಬಂದೆ.

ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ಗಂಟುಮೂಟೆಯ ಮೇಲೆ ಕೂತಿದ್ದ ಅವನ ಹೆಂಡತಿಗೆ, “ಅಂತೂ ನಿಮ್ಮ ಊರಿಗೆ ಹೊರಟೆಯಲ್ಲಮ್ಮ” ಎಂದೆ. ಸಮಾಧಾನ ಹೇಳುವ ಯೋಗ್ಯತೆ ಇಲ್ಲದವನು ಆಡುವ ಮಾತು.

“ನಾಲ್ಕು ವರ್ಷ ಜಗಳ ಆಡ್ದೆ ಅಣ್ಣ, ಓಗಣ ಓಗಣ ಅಂತ,” ಎಂದಳು. “ನಾನೇ ಗೆಲ್ಬೇಕು ಅಂತಿದ್ದೆ. ಇಂಗೆ ಗೆಲ್ಲದು ಬೇಕಿರ್ಲಿಲ್ಲ.” ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವನು ಮಗಳಿಗೆ ಕಡಲೆಕಾಯಿ ಸುಲಿದು ಕೊಡುತ್ತಿದ್ದ. ರೈಲು ಬಂದಾಗ ನನಗೆ ಕೈಮುಗಿದು ಹತ್ತಿದ.

ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ತೂಬಿನ ದುರಸ್ತಿಗೆ ನೀರಾವರಿಯವರು ಬಂದರು. ಮಣ್ಣು ಅಗೆಯುತ್ತಿದ್ದ ಆಳು ಕೂಗಿದ. ಹೋಗಿ ನೋಡಿದರೆ ಏರಿಯ ಹೊಟ್ಟೆಯಲ್ಲಿ ಒಂದು ಬಿಲ. ಇಂಜಿನಿಯರು ಮೊಣಕಾಲೂರಿ ಅದರೊಳಗೆ ಕೈ ಹಾಕಿದರು. ಭುಜದವರೆಗೂ ಹೋಯಿತು. ಅವರು ಕೈ ಹೊರಗೆಳೆದು, ಕೆಳಗಿನ ಬೀದಿಯ ಕಡೆ ಒಮ್ಮೆ ನೋಡಿ, “ಅವತ್ತು ಇನ್ನೊಂದೆರಡು ಗಂಟೆ ಆ ನೀರು ನಿಂತಿದ್ರೆ ಇವತ್ತು ಇಲ್ಲಿ ನಾವು ಏರಿ ಹುಡುಕಬೇಕಿತ್ತು ಕಣ್ರೀ. ಕೋಡಿ ಬಿಟ್ಟೋರು ಯಾರು?” ಎಂದು ಕೇಳಿದರು.

ಅಧ್ಯಕ್ಷರನ್ನು ಕರೆಸಿ ಬಿಲ ತೋರಿಸಿದೆ. ಶನಿವಾರ ಸಂಜೆಯ ಬೊಗಸೆಯ ವಿಷಯವನ್ನೂ ಅವತ್ತು ಹೇಳಿದೆ. ಅವರು ಬಹಳ ಹೊತ್ತು ಬಿಲದ ಬಾಯಲ್ಲೇ ಕೂತಿದ್ದರು. ಅವರ ಅಣ್ಣನ ಮನೆಯೂ ಕೆಳಗಿನ ಬೀದಿಯಲ್ಲಿದೆ. ನನ್ನನ್ನು ಬೈಯಲಿಲ್ಲ. “ಕರೆಸು ಅವ್ನ. ಸಂಘದ ಮರ್ಯಾದೆ ಓಗ್ಲಿ, ನಾನೇ ತಪ್ಪಾಯ್ತು ಅಂತೀನಿ. ಮನೆ ಜಾಗಾನೂ ಕೊಡುವ,” ಎಂದರು.

ಅಲ್ಲಿಂದಲೇ ಫೋನು ಮಾಡಿದೆ. ಅವನೇ ಎತ್ತಿದ. ಹಿಂದೆ ಜೋರು ಗಾಳಿ. ನಾನು ಉಸಿರು ಬಿಡದೆ ಎಲ್ಲ ಹೇಳಿದೆ. ಬಿಲ ಸಿಕ್ಕಿತು, ಇಂಜಿನಿಯರು ಹೀಗಂದರು, ಅಧ್ಯಕ್ಷರು ಒಪ್ಪಿದ್ದಾರೆ, ನೀನು ಮಾಡಿದ್ದು ಸರಿ ಅಂತ ಎಲ್ಲರಿಗೂ ಈಗ ಗೊತ್ತಾಯಿತು, ಹೊರಟು ಬಾ ಎಂದೆ.



“ಅವತ್ತೇ ನಂಗೆ ಗೊತ್ತಿತ್ತು ಸಾರ್,” ಎಂದ. “ನಿಮ್ಗೂ ಗೊತ್ತಿತ್ತಲ್ವಾ.”

ಕೊಂಕಿರಲಿಲ್ಲ ಅದರಲ್ಲಿ. ನಾನು ಹೂಂ ಎಂದೆ. ಆ ಹೂಂ ಎನ್ನಲು ನನಗೆ ಆರು ತಿಂಗಳು ಬೇಕಾಯಿತು. ಅಷ್ಟರಲ್ಲಿ ಅವನ ಕಡೆಯಿಂದ ಮೈಕಿನಲ್ಲಿ ಯಾರೋ ಅವರ ಭಾಷೆಯಲ್ಲಿ ಕೂಗಿಕೊಂಡು ಹೋಗುವುದು ಕೇಳಿಸಿತು. ಒಂದೇ ಮಾತನ್ನು ಮತ್ತೆ ಮತ್ತೆ ಕೂಗುತ್ತಿದ್ದರು.

“ಗಾಳಿ ಬತ್ತಾ ಅದೆ ಸಾರ್. ಎಲ್ರೂ ಎದ್ದೇಳಿ ಅಂತಾವ್ರೆ. ದೋಣಿ ಮೇಲಕ್ಕೆ ಎಳೀಬೇಕು, ಇಡ್ತೀನಿ. ಇಲ್ಲಿ ಕಷ್ಟ ಅದೆ, ಆದ್ರೆ ಕೂಗಿ ಹೇಳ್ತಾರೆ ಸಾರ್,” ಎಂದು ಫೋನು ಇಟ್ಟ.

ರಾತ್ರಿ ಟಿವಿಯಲ್ಲಿ ಆ ಕರಾವಳಿಯನ್ನು ತೋರಿಸಿದರು. ಮೂರು ದಿನ ಅವನ ಫೋನು ಸ್ವಿಚ್ ಆಫ್. ಗಂಟೆಗೊಮ್ಮೆ ಮಾಡುತ್ತಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ರಿಂಗಾಯಿತು. ಒಂದು ಸಲ, ಎರಡು ಸಲ. ಎತ್ತುವುದು ಅವನೋ, ಅವಳೋ, ಆ ಹುಡುಗಿಯೋ, ಎತ್ತಿದವರು ಏನು ಹೇಳುತ್ತಾರೋ. ಮೂರನೆಯ ರಿಂಗಿಗೆ ನಾನೇ ಕಟ್ ಮಾಡಿದೆ. ಆಮೇಲೆ ಆ ನಂಬರಿನಿಂದ ಎರಡು ಸಲ ಕರೆ ಬಂತು. ನಾನು ಇನ್ನೂ ಎತ್ತಿಲ್ಲ.